ಸೂಪರ್‌ಮಾರ್ಕೆಟ್ಟಿನಲ್ಲಿ ಅಪ್ರೆಂಟಿಸ್: ಕಲಿಕೆ ಎಷ್ಟು, ದುಡಿಮೆ ಎಷ್ಟು?

ಅಪ್ರೆಂಟಿಸ್ ಎಂದರೆ ಐಟಿಐ ಮುಗಿಸಿ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ನಿಂತ ಹುಡುಗ ಎಂಬ ಚಿತ್ರವೇ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಗಮನವೂ ಬಹುಪಾಲು ಅಂಥವರ ಮೇಲೆಯೇ ಇತ್ತು. 2014ರ ತಿದ್ದುಪಡಿಯಿಂದ ಈ ಚಿತ್ರ ಹಿಗ್ಗಿತು. ಉದ್ಯೋಗದಾತರೇ ನಿರ್ಧರಿಸಬಹುದಾದ ‘ಐಚ್ಛಿಕ ವೃತ್ತಿ’ಗಳು ಬಂದವು, ಅವುಗಳ ಜೊತೆಗೆ ಬಿಲ್ಲಿಂಗ್ ಕೌಂಟರ್, ರ‍್ಯಾಕ್ ಜೋಡಣೆ, ಗಿರಾಕಿ ಸೇವೆಯಂಥ ಕೆಲಸಗಳೂ ಅಪ್ರೆಂಟಿಸ್‌ಷಿಪ್ಪಿನ ವ್ಯಾಪ್ತಿಗೆ ಬಂದವು. ಆಗಲೇ ಒಂದು ಅನುಮಾನವೂ ಹುಟ್ಟಿತು: ಸಾಮಾನು ಜೋಡಿಸುವುದರಲ್ಲಿ, ಬಿಲ್ ಹಾಕುವುದರಲ್ಲಿ ತಿಂಗಳುಗಟ್ಟಲೆ ಕಲಿಯುವಂಥದ್ದು ಏನಿದೆ? ಕಲಿಯುವಂಥದ್ದು ಬೇಕಾದಷ್ಟಿದೆ, ಆದರೆ ಕಲಿಸುವವರಿದ್ದರೆ ಮಾತ್ರ ಅದು ಅಪ್ರೆಂಟಿಸ್‌ಷಿಪ್ ಎನಿಸಿಕೊಳ್ಳುತ್ತದೆ ಎಂಬುದು ಈ ಅಧ್ಯಾಯದ ವಾದ.

ಸೂಪರ್‌ಮಾರ್ಕೆಟ್ಟಿನ ಕೆಲಸ ಸುಲಭವೆಂದು ತೋರುವುದಕ್ಕೆ ಕಾರಣ ಅದರ ಚರಿತ್ರೆಯಲ್ಲಿದೆ. ಹಳೆಯ ದಿನಸಿ ಅಂಗಡಿಯಲ್ಲಿ ಗಿರಾಕಿ ಚೀಟಿ ಕೊಡುತ್ತಿದ್ದ, ಅಂಗಡಿಯವನು ತೂಗಿ ಕಟ್ಟಿ ಕೊಡುತ್ತಿದ್ದ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದು, ಬೇಕಾದ್ದನ್ನು ಗಿರಾಕಿಯೇ ಆರಿಸಿಕೊಳ್ಳುವ ಪದ್ಧತಿಗೆ ದಾರಿ ಮಾಡಿದ. ಹುಡುಕುವ, ಎತ್ತಿ ಕೊಡುವ ಸರಳ ಕೆಲಸವೆಲ್ಲ ಹೀಗೆ ಗಿರಾಕಿಯ ಪಾಲಾಯಿತು. ಸಿಬ್ಬಂದಿಯ ಪಾಲಿಗೆ ಉಳಿದದ್ದು ಗಿರಾಕಿ ತಾನೇ ಬಗೆಹರಿಸಿಕೊಳ್ಳಲಾಗದ ಸಂಗತಿಗಳು. ರ‍್ಯಾಕಿನ ಮೇಲೆ ಬರೆದ ಬೆಲೆಯೇ ಬೇರೆ, ಬಿಲ್ಲಿನಲ್ಲಿ ಬಂದದ್ದೇ ಬೇರೆ. ಯುಪಿಐನಲ್ಲಿ ಹಣ ಕಡಿತವಾಗಿದೆ, ಕೌಂಟರಿಗೆ ಬಂದಿಲ್ಲ. ಒಡೆದ ಮೊಸರಿನ ಪ್ಯಾಕೆಟ್ ಹಿಡಿದು ಒಬ್ಬರು ನಿಂತಿದ್ದಾರೆ, ಅವರ ಹಿಂದೆ ಸಾಲು ಬೆಳೆಯುತ್ತಿದೆ. ಇಂಥ ಹೊತ್ತಿನಲ್ಲಿ ಯಾವುದಕ್ಕೆ ತಾನೇ ತೀರ್ಮಾನ ಹೇಳಬಹುದು, ಯಾವುದಕ್ಕೆ ಮ್ಯಾನೇಜರನ್ನು ಕರೆಯಬೇಕು, ಕಾಯುತ್ತಿರುವವರಿಗೆ ಏನು ಹೇಳಬೇಕು ಎಂಬ ವಿವೇಚನೆ ಬೇಕು. ನಗುಮುಖ ಅದರ ಒಂದು ಭಾಗವಷ್ಟೇ.

ಈ ವಿವೇಚನೆ ಇಲ್ಲದಿದ್ದರೆ ಆಗುವ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಮೂರು ರುಚಿಯ ಬಿಸ್ಕತ್ತು, ಮೂರಕ್ಕೂ ಒಂದೇ ಬೆಲೆ. ಅವಸರದಲ್ಲಿ ಒಂದೇ ಪ್ಯಾಕೆಟ್ಟನ್ನು ಮೂರು ಸಲ ಸ್ಕ್ಯಾನ್ ಮಾಡಿದರೂ ಬಿಲ್ಲಿನ ಮೊತ್ತ ಸರಿಯಾಗಿಯೇ ಇರುತ್ತದೆ, ಗಿರಾಕಿಗೂ ತಕರಾರಿಲ್ಲ. ಆದರೆ ಕಂಪ್ಯೂಟರಿನಲ್ಲಿ ಒಂದು ರುಚಿಯ ಸ್ಟಾಕ್ ಮೂರು ಇಳಿದು, ಮಿಕ್ಕೆರಡು ಇಲ್ಲದಿದ್ದರೂ ಇವೆ ಎಂದೇ ಉಳಿಯುತ್ತವೆ. ‘ಇದೆ’ ಎಂದು ತೋರಿಸುವ ಸಾಮಾನಿಗೆ ಹೊಸ ಆರ್ಡರ್ ಹೋಗುವುದಿಲ್ಲ; ರ‍್ಯಾಕ್ ಖಾಲಿಯಾಗಿಯೇ ಇರುತ್ತದೆ. ನಿಕೋಲ್ ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಒಂದೇ ಸಂಸ್ಥೆಯ 37 ಅಂಗಡಿಗಳ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ಪರಿಶೀಲಿಸಿತು, ಅವುಗಳಲ್ಲಿ ಶೇ. 65ರಷ್ಟು ದಾಖಲೆಗಳು ಅಂಗಡಿಯಲ್ಲಿದ್ದ ಸರಕಿಗೆ ತಾಳೆಯಾಗಲಿಲ್ಲ. ಕೌಂಟರಿನ ತಪ್ಪು ಇದಕ್ಕಿರುವ ಹಲವು ಕಾರಣಗಳಲ್ಲಿ ಒಂದು. ಹಾಲು ಮೊಸರಿನ ರ‍್ಯಾಕಿನಲ್ಲೂ ಇದೇ ಕಥೆ: ಬೇಗ ಎಕ್ಸ್‌ಪೈರಿ ಆಗುವುದು ಮುಂದೆ, ಹೊಸದು ಹಿಂದೆ ಎಂಬ ನಿಯಮವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಬಹುದು. ಅದು ಏಕೆ ಎಂದು ಅರ್ಥವಾದವರು ಮಾತ್ರ ಯಾರೂ ನೋಡದಿದ್ದಾಗಲೂ ಅದನ್ನು ಪಾಲಿಸುತ್ತಾರೆ.

‘ಹಾಡ್ತಾ ಹಾಡ್ತಾ ರಾಗ’ ಅಲ್ಲವೇ, ನಾಲ್ಕು ದಿನ ನಿಂತರೆ ತಾನಾಗಿಯೇ ಬರುತ್ತದೆ ಎನ್ನುವವರಿದ್ದಾರೆ. ಬರುವುದು ನಿಜ, ಆದರೆ ಅಪಸ್ವರ ಬಂದಾಗ ತಿದ್ದುವವರು ಇಲ್ಲದಿದ್ದರೆ ಅಪಸ್ವರವೇ ರೂಢಿಯಾಗುತ್ತದೆ. ಜರ್ಮನಿಯಲ್ಲಿ ಅಂಗಡಿ ಮಾರಾಟಗಾರರ ತರಬೇತಿ 2 ವರ್ಷದ್ದು, ಚಿಲ್ಲರೆ ವ್ಯಾಪಾರದ ಪೂರ್ಣ ತರಬೇತಿ 3 ವರ್ಷದ್ದು. ಅಂಗಡಿಯಲ್ಲಿ ದುಡಿಯುತ್ತಲೇ ಅವರು ವೃತ್ತಿಶಾಲೆಗೂ ಹೋಗುತ್ತಾರೆ, ಕೊನೆಗೆ ಪರೀಕ್ಷೆ ಬರೆಯುತ್ತಾರೆ. ನಮಗೆ ಅಷ್ಟು ದೀರ್ಘಾವಧಿ ಬೇಕೆಂದೇನಿಲ್ಲ. ಕೌಂಟರಿನಿಂದ ಎದ್ದು ಕೂತು ಕಲಿಯುವ ಸಮಯವೂ ಕೆಲಸದ ಭಾಗವೇ ಎಂಬ ಅವರ ತಿಳಿವಳಿಕೆ ಮಾತ್ರ ನಮಗೂ ಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಅಪ್ರೆಂಟಿಸ್‌ಷಿಪ್ ಎಂಬುದು ಅಗ್ಗದ ದುಡಿಮೆಗೆ ಇಟ್ಟ ಚೆಂದದ ಹೆಸರು. ಇದನ್ನು ತಳ್ಳಿಹಾಕುವಂತಿಲ್ಲ. ಕಾಯ್ದೆಯ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಕಾಯ್ದೆಯೇ ಬೇರೆ ಹೇಳಿದ ಕಡೆ ಬಿಟ್ಟರೆ ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. 2019ರ ನಿಯಮಗಳು ನಿಗದಿ ಮಾಡಿದ ಕನಿಷ್ಠ ಶಿಷ್ಯವೇತನ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಉತ್ತೇಜನ ಯೋಜನೆಯಲ್ಲಿ ಅದರ ಕಾಲು ಭಾಗವನ್ನು, 1,500 ರೂಪಾಯಿ ಮಿತಿಯೊಳಗೆ, ಸರ್ಕಾರವೇ ಭರಿಸುತ್ತದೆ. ಹಬ್ಬದ ಜನಜಂಗುಳಿಗೆ ಕೈಗಳು ಬೇಕಾದ ಅಂಗಡಿಗೆ ಇದು ದೊಡ್ಡ ಆಮಿಷವೇ ಸರಿ. ಆದರೆ ಆ ರಿಯಾಯಿತಿಯ ಬೆಲೆಯನ್ನೂ ಕಾಯ್ದೆ ಬರೆದಿಟ್ಟಿದೆ: ಲಿಖಿತ ಒಪ್ಪಂದವಿರಬೇಕು, ಅದು ನೋಂದಣಿಯಾಗಬೇಕು, ಅಪ್ರೆಂಟಿಸ್‌ಷಿಪ್ ಸಲಹೆಗಾರರ ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕಾರ್ಮಿಕನ ರಕ್ಷಣೆಯನ್ನು ಬಿಟ್ಟುಕೊಟ್ಟವನಿಗೆ ಬದಲಿಗೆ ಸಿಗಬೇಕಾದದ್ದು ವಿದ್ಯೆ. ಅದು ಸಿಗದಿದ್ದರೆ ಆ ಒಪ್ಪಂದಕ್ಕೆ ನೈತಿಕ ಆಧಾರವೇ ಇಲ್ಲ.

ಕಲಿಸಿದ ಮೇಲೆ ಹುಡುಗರು ಬಿಟ್ಟುಹೋಗುತ್ತಾರೆ ಎಂಬುದು ಮಾಲೀಕರ ಅಳಲು. ಕಾಯ್ದೆಯ 22ನೇ ಕಲಮು ತರಬೇತಿ ಮುಗಿಸಿದವರ ನೇಮಕಕ್ಕೆ ನೀತಿಯೊಂದನ್ನು ರೂಪಿಸಿ ಎಂದು ಮಾಲೀಕರಿಗೇ ಹೇಳುತ್ತದೆ. ಮುಂದಿನ ಹುದ್ದೆ, ಮುಂದಿನ ಸಂಬಳ ಏನೆಂದು ಹೇಳದ ಕಡೆ ಯಾರೂ ಉಳಿಯುವುದಿಲ್ಲ. ಕಲಿಸದೆ ಬಿಟ್ಟರೆ ಉಳಿಯುವವರು ಮಾಡುವ ತಪ್ಪಿನ ಖರ್ಚೂ ಮಾಲೀಕರದ್ದೇ. ಇನ್ನು ಗಿರಾಕಿಯೇ ಬಿಲ್ ಹಾಕಿಕೊಳ್ಳುವ ಯಂತ್ರ ಬಂದರೆ ಈ ಕೆಲಸವೇ ಹೋಗುತ್ತದೆ ಎಂಬ ಭಯ. ಬಿಲ್ ಹಾಕುವ ಕೈಗಳು ಕಡಿಮೆಯಾಗಬಹುದು. ಯಂತ್ರ ನಿಂತಾಗ, ಆಫರ್ ಬೆಲೆ ಬಾರದಾಗ ಓಡಿಬರಬೇಕಾದವರಿಗೆ ಮೊದಲಿಗಿಂತ ಹೆಚ್ಚು ತಿಳಿದಿರಬೇಕಾಗುತ್ತದೆ. ಬರೀ ಸ್ಕ್ಯಾನ್ ಮಾಡಲು ಕಲಿತವರಿಗೆ ಅಪಾಯವಿದೆ; ಇಡೀ ಅಂಗಡಿ ನಡೆಯುವ ಬಗೆಯನ್ನು ಕಲಿತವರಿಗೆ ಅದು ಕಡಿಮೆ.

ಆದ್ದರಿಂದ ಸೂಪರ್‌ಮಾರ್ಕೆಟ್ಟಿನಲ್ಲಿ ಅಪ್ರೆಂಟಿಸ್ ಆಗಲು ಹೊರಟವರು, ಅವರ ತಂದೆತಾಯಿ, ಸಹಿ ಹಾಕುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಒಪ್ಪಂದದ ಪ್ರತಿ ಕೈಗೆ ಸಿಗುತ್ತದೆಯೇ? ಶಿಷ್ಯವೇತನ ಬ್ಯಾಂಕ್ ಖಾತೆಗೇ ಬರುತ್ತದೆಯೇ? ವಾರದಲ್ಲಿ ಪಾಠಕ್ಕೆಂದು ಮೀಸಲಾದ ಸಮಯ ಎಷ್ಟು, ಕಲಿಸುವವರು ಯಾರು? ಬಿಲ್ಲಿಂಗ್, ಸ್ಟಾಕ್, ದೂರು ನಿರ್ವಹಣೆ ಮೂರನ್ನೂ ಸರದಿಯ ಮೇಲೆ ಕಲಿಸುತ್ತಾರೆಯೇ? ಕೊನೆಯಲ್ಲಿ ಮೌಲ್ಯಮಾಪನ, ಪ್ರಮಾಣಪತ್ರ ಉಂಟೇ? ಇವುಗಳಿಗೆ ನೇರ ಉತ್ತರ ಕೊಡುವ ಅಂಗಡಿಗೆ ಧೈರ್ಯವಾಗಿ ಸೇರಿ. ‘ಮೊದಲು ಸೇರಿಕೊಳ್ಳಿ, ಆಮೇಲೆ ನೋಡೋಣ’ ಎನ್ನುವ ಕಡೆ ಕೇಳಬೇಕಾದದ್ದು ಶಿಷ್ಯವೇತನವಲ್ಲ, ಪೂರ್ಣ ಸಂಬಳ.