ಯಜಮಾನನ ಭಾಷೆ ಕದ್ದವನು

ಜಾಕ್ ಓದಿಯಾರ್ ನಿರ್ದೇಶನದ ಫ್ರೆಂಚ್ ಚಿತ್ರ ‘ಉನ್ ಪ್ರೊಫೆತ್’ (ಒಬ್ಬ ಪ್ರವಾದಿ) 2009ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾನ್ ಪ್ರೀ ಪಡೆಯಿತು. ಜೈಲಿನ ಗ್ಯಾಂಗುಗಳ ಸಿನಿಮಾ ಅಂತ ಅದನ್ನ ಮೆಚ್ಚಿದವರೇ ಹೆಚ್ಚು. ನನಗದು ಅಕ್ಷರ ಕಲಿಯೋ ಕತೆಯಾಗಿ ಕಂಡಿತು.

ಮಲಿಕ್‌ಗೆ 19 ವರ್ಷ. ಅರಬ್ ಮೂಲದವನು, ಸರಿಯಾಗಿ ಓದು ಬಾರದು, ಆರು ವರ್ಷದ ಶಿಕ್ಷೆ. ಜೈಲೊಳಗೆ ನಡೆಯೋದು ಕಾರ್ಸಿಕನ್ ಗುಂಪಿನ ಮುಖಂಡ ಸೆಸಾರ್‌ನ ಮಾತು. ರೆಯೆಬ್ ಅನ್ನೋ ಇನ್ನೊಬ್ಬ ಅರಬ್ ಕೈದಿಯನ್ನ ಕೊಲ್ಲು, ಇಲ್ಲಾ ನೀನೇ ಸಾಯಿ ಅಂತಾನೆ. ಮಲಿಕ್ ಬಾಯಲ್ಲಿ ಬ್ಲೇಡು ಬಚ್ಚಿಟ್ಟುಕೊಂಡು ಹೋಗ್ತಾನೆ. ಸಾಯೋ ಮುಂಚೆ ರೆಯೆಬ್ ಆಡೋದು ಓದು ಕಲಿಯೋ ಮಾತು! ಮಲಿಕ್‌ನ ಮೊದಲ ಗುರು ಅವನೇ ಕೊಂದ ಮನುಷ್ಯ. ಆಮೇಲೂ ರೆಯೆಬ್ ಅವನ ಕೋಣೆಗೆ ಬರ್ತಾನೇ ಇರ್ತಾನೆ.

ಕೊಲೆಗೆ ಪ್ರತಿಯಾಗಿ ರಕ್ಷಣೆ ಸಿಗುತ್ತೆ, ಮರ್ಯಾದೆ ಸಿಗಲ್ಲ. ಕಾಫಿ ಮಾಡಿಕೊಡೋದು, ಹೇಳಿದ ಚಾಕರಿ ಮಾಡೋದು. ಕಾರ್ಸಿಕನ್ನರಿಗೆ ಅವನು ಅರಬ್, ಅರಬರಿಗೆ ಕಾರ್ಸಿಕನ್ನರ ಆಳು. ಅವನು ಎದುರಿಗೇ ನಿಂತಿದ್ದರೂ ಅವರು ತಮ್ಮ ಭಾಷೇಲಿ ಗುಟ್ಟೆಲ್ಲ ಮಾತಾಡ್ತಾರೆ. ಆಳಿಗೂ ಕಿವಿ ಇದೆ ಅನ್ನೋದು ಯಜಮಾನನಿಗೆ ಹೊಳೆಯೋದೇ ಇಲ್ಲ. ಮಲಿಕ್ ಜೈಲಿನ ಶಾಲೇಲಿ ಓದು ಕಲೀತಾನೆ. ಕಾರ್ಸಿಕನ್ ಭಾಷೆಯನ್ನ ಮಾತ್ರ ಯಾರಿಗೂ ಹೇಳದೆ ಕಲೀತಾನೆ. ಅದು ಗೊತ್ತಾದಾಗ ಸೆಸಾರ್‌ನ ಮುಖ ನೋಡಬೇಕು.

ಅಕ್ಷರದಿಂದ ದೂರ ಇಟ್ಟ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಜನಾಂಗದ್ವೇಷವನ್ನೂ ಜಾತಿಯನ್ನೂ ಸಮೀಕರಿಸೋದು ಅವಸರದ ವಿಮರ್ಶೆ. ಮಲಿಕ್ ಮಾಡಿಕೊಟ್ಟ ಕಾಫಿಯನ್ನ ಸೆಸಾರ್ ಕುಡೀತಾನೆ, ಮೈಲಿಗೆಯ ಮಾತೇ ಇಲ್ಲ. ನಮ್ಮ ದೇಶದ ಹಲವು ರಾಜ್ಯಗಳ ಜೈಲು ನಿಯಮಾವಳಿಗಳಲ್ಲಿ ಅಡಿಗೆ ಯಾರದು, ಪೊರಕೆ ಯಾರದು ಅನ್ನೋದನ್ನ ಜಾತಿ ನೋಡಿ ಬರೆದಿಟ್ಟಿದ್ದರು. ಸುಪ್ರೀಂ ಕೋರ್ಟು ಅವನ್ನ ಅಸಾಂವಿಧಾನಿಕ ಅಂದದ್ದು 2024ರ ಅಕ್ಟೋಬರ್‌ನಲ್ಲಿ! ಆ ಕಾಫಿ ಲೋಟವನ್ನ ಮರೆತು ಈ ಚಿತ್ರವನ್ನ ‘ನಮ್ಮದು’ ಅನ್ನೋಕಾಗಲ್ಲ.

ಇನ್ನೊಂದು ತಕರಾರಿದೆ. ಮಲಿಕ್‌ನ ಕಲಿಕೆ ಸೆಸಾರ್‌ನನ್ನ ಕೆಡವುತ್ತೆ, ಸೆಸಾರ್‌ಗಿರಿಯನ್ನ ಕೆಡವಲ್ಲ. ಬೆಂಬಲಿಗರೆಲ್ಲ ಚದುರಿದ ಮೇಲೆ ಮುದುಕ ಒಂಟಿ. ಮಲಿಕ್ 40 ದಿನ ಒಂಟಿಕೋಣೆಯಲ್ಲಿದ್ದು ಬಂದು ಅಂಗಳದಲ್ಲಿ ಅರಬರ ಜೊತೆ ಸೇರ್ತಾನೆ. ಅವನ ಕಡೆ ಬರೋಕೆ ಹೊರಟ ಸೆಸಾರ್‌ಗೆ ಹೊಟ್ಟೆಗೆ ಏಟು ಬೀಳುತ್ತೆ. ನೋಡೋ ನಮಗೆ ಒಳಗೊಳಗೇ ಖುಷಿ. ಆ ಖುಷಿಯನ್ನೇ ಅನುಮಾನಿಸಬೇಕು, ಯಾಕಂದರೆ ಚಿತ್ರ ಅದನ್ನ ಅನುಮಾನಿಸೋದು ಕೊನೇ ದೃಶ್ಯದಲ್ಲಿ ಮಾತ್ರ. ಬಿಡುಗಡೆಯ ದಿನ ಮಲಿಕ್ ಸತ್ತ ಗೆಳೆಯನ ಹೆಂಡತಿ, ಮಗುವಿನ ಜೊತೆ ನಡೆದುಕೊಂಡು ಹೋಗ್ತಾನೆ. ಹಿಂದೆ ಅವನ ಆಳುಗಳ ಕಾರುಗಳು ನಿಧಾನವಾಗಿ ಬರ್ತಿರ್ತವೆ.