ಸೈಕಲ್ ಕಳಕೊಂಡ ಪೋರ ಜಗಜಟ್ಟಿಯಾದ!

ಶಿರೂರು ಸೀಮೆಯ ಪೈಲವಾನರಿಗೆ ಗರಡಿಮನೆಯೇ ಶಾಲೆ; ಮಹಮದ್ ಅಲಿಗೆ ಸೈಕಲ್ ಕಳುವೇ ದಾರಿಯಾಯ್ತು ನೋಡಿ! 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಕಳ್ಳನಿಗೆ ಬಡೀತೀನಿ ಅಂತ ಕೂಗಾಡಿದ 12ರ ಪೋರನಿಗೆ, ಮೊದಲು ಹೊಡೆಯೋದು ಕಲಿ ಅಂದವನು ಒಬ್ಬ ಪೊಲೀಸ್.

1964ರಲ್ಲಿ ಲಿಸ್ಟನ್‌ನನ್ನು ಮಣಿಸಿ ಹೆವಿವೇಟ್ ಮುಷ್ಟಿಕಾಳಗದ ಜಗಜ್ಜೇತನಾದ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಒಲ್ಲೆ ಅಂದದ್ದಕ್ಕೆ ಪಟ್ಟ ಕಿತ್ತರು. ಮೈಯಲ್ಲಿ ಕಸುವಿದ್ದ ಮೂರೂವರೆ ವರ್ಷ ಕಣಕ್ಕೇ ಇಳಿಯಗೊಡಲಿಲ್ಲ. 1974ರಲ್ಲಿ ಫೋರ್‌ಮನ್‌ನನ್ನು ಎಂಟನೇ ಸುತ್ತಿಗೆ ಕೆಡವಿ ಪಟ್ಟ ಮರಳಿ ಪಡೆದ.

1980ರ ಜನವರಿಯಲ್ಲಿ ದಿಲ್ಲಿಗೂ ಬಂದು ನಮ್ಮ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ಕೇಳಬೇಕಲ್ಲ! ಅದೇ ಅಕ್ಟೋಬರಿನಲ್ಲಿ ಹೋಮ್ಸ್ ಕೈಯಲ್ಲಿ ಸಾಕುಸಾಕೆನ್ನುವಷ್ಟು ಪೆಟ್ಟು ತಿಂದ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆ. 1996ರಲ್ಲಿ ಒಲಿಂಪಿಕ್ ಜ್ಯೋತಿ ಹೊತ್ತಿಸುವಾಗ ಆ ಕೈ ಗಡಗಡ ನಡುಗುತ್ತಿತ್ತು. 2016ರಲ್ಲಿ ತೀರಿಕೊಂಡ.