ಅಕ್ಟೋಬರ್ ಹೀಟ್ ಅಲ್ಲದ ಬಿಸಿ

ಮಳೆಗಾಲ ಗಂಟುಮೂಟೆ ಕಟ್ಟಿದ ಮೇಲೆ, ಚಳಿ ಬರುವ ಮುಂಚೆ, ಮುಂಬಯಿಗೆ ಒಂದು ಪುಟ್ಟ ಬೇಸಿಗೆ ಬಂದು ಹೋಗುತ್ತದೆ. ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲ. ಮರಾಠಿಗರು, ತುಳುವರು, ಕನ್ನಡಿಗರು ಎಲ್ಲರೂ ಅದನ್ನು ‘ಅಕ್ಟೋಬರ್ ಹೀಟ್’ ಎಂದೇ ಕರೆಯುತ್ತಾರೆ. ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸ್‌ನಿಂದಲೋ ಅಕ್ಕಪಕ್ಕದ ಚಾಳುಗಳಿಂದಲೋ ಹೊರಟು, ಜಿಟಿಬಿ ನಗರ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಲೋಕಲ್ ಹತ್ತಿದ ಹೆಂಗಸು ಲೇಡೀಸ್ ಡಬ್ಬಿಯಲ್ಲಿ ನಿಂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರಿಗೂ ಸೆಕೆಯೇ.

ಆದರೆ ನಲವತ್ತೈದು ದಾಟಿದ ಕೆಲವರ ಸೆಕೆ ಬೇರೆ ತರಹದ್ದು. ಎದೆಯಲ್ಲಿ ಹುಟ್ಟಿದ ಕಾವು ಕುತ್ತಿಗೆ, ಕೆನ್ನೆ, ಕಿವಿಯ ತನಕ ಏರುತ್ತದೆ. ಎರಡು ಮೂರು ನಿಮಿಷ ಬೆವರು ಧಾರಾಕಾರ. ಅದು ಇಳಿದ ಮೇಲೆ ಸಣ್ಣಗೆ ಚಳಿ. ಆ ಚಳಿಯೇ ಗುರುತು. ಅಕ್ಟೋಬರ್ ಹೀಟ್‌ನ ಬೆನ್ನಿಗೆ ಚಳಿ ಬರುವುದಿಲ್ಲ. ಈ ಕಾವು ಜನವರಿಯ ನಸುಕಿನಲ್ಲೂ ಎಬ್ಬಿಸಿ ಕೂರಿಸುತ್ತದೆ. ಋತುಬಂಧದ, ಅಂದರೆ ಮುಟ್ಟು ನಿಲ್ಲುವ ಆಸುಪಾಸಿನ, ಈ ಸೆಕೆಯನ್ನು ವೈದ್ಯರು ಹಾಟ್ ಫ್ಲಾಶ್ ಎನ್ನುತ್ತಾರೆ. ನಾವು ಬಿಸಿಯುಬ್ಬರ ಎನ್ನೋಣ. ವಿಶ್ವ ಋತುಬಂಧ ದಿನ ಬರುವುದು ಅಕ್ಟೋಬರ್ 18ಕ್ಕೆ. ಮುಂಬಯಿಯ ಮಟ್ಟಿಗೆ ಇದಕ್ಕಿಂತ ತಕ್ಕ ತಿಂಗಳನ್ನು ಯಾರೂ ಆರಿಸಲಾಗುತ್ತಿರಲಿಲ್ಲ.

ಬಿಸಿಯುಬ್ಬರದ ಮೂಲ ಇರುವುದು ಚರ್ಮದಲ್ಲಲ್ಲ, ಮಿದುಳಿನ ತಳದಲ್ಲಿ. ಹೈಪೊಥಲಾಮಸ್ ಎಂಬ ಕಡಲೆಕಾಯಿಯಷ್ಟು ಭಾಗ ನಮ್ಮ ಮೈಯ ತಾಪವನ್ನು ಕಾಯುತ್ತದೆ. ತಾಪ ತುಸು ಏರಿದರೆ ಬೆವರಿಸುತ್ತದೆ, ತುಸು ಇಳಿದರೆ ನಡುಗಿಸುತ್ತದೆ, ಇವೆರಡರ ನಡುವಿನ ಕಿರುಪಟ್ಟಿಯಲ್ಲಿ ಸುಮ್ಮನಿರುತ್ತದೆ. ಅಮೆರಿಕದ ಸಂಶೋಧಕ ರಾಬರ್ಟ್ ಫ್ರೀಡ್‌ಮನ್ ಈ ಪಟ್ಟಿಯನ್ನು ಅಳೆದು ನೋಡಿದರು. ಮುಟ್ಟು ನಿಂತಿದ್ದರೂ ಬಿಸಿಯುಬ್ಬರ ಕಾಣದ ಹೆಂಗಸರಲ್ಲಿ ಅದರ ಅಗಲ ಸುಮಾರು 0.4 ಡಿಗ್ರಿ ಸೆಲ್ಸಿಯಸ್. ಬಿಸಿಯುಬ್ಬರ ಇದ್ದವರಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಂದರೆ ಒಂದು ಲೋಟ ಬಿಸಿ ಚಹಾ, ನಾಲ್ಕು ಮೆಟ್ಟಿಲು, ಸ್ವಲ್ಪ ಸಿಟ್ಟು, ಇಷ್ಟು ಸಾಕು; ಮಿದುಳು ಬೆಂಕಿ ಬಿದ್ದಂತೆ ಬೆವರಿನ ಕೊಡ ಮಗುಚುತ್ತದೆ. ಪಟ್ಟಿ ಕಿರಿದಾಗಲು ಕಾರಣ ಈಸ್ಟ್ರೊಜೆನ್ ಹಾರ್ಮೋನಿನ ಇಳಿಕೆ. ಅಲ್ಲಿಯ ತನಕ ಅದರ ಅಂಕೆಯಲ್ಲಿದ್ದ ಒಂದು ಗುಂಪು ನರಕೋಶಗಳು ಊದಿಕೊಂಡು, ಪಕ್ಕದಲ್ಲೇ ಇರುವ ತಾಪದ ಕಾವಲುಗಾರನನ್ನು ಕೆಣಕತೊಡಗುತ್ತವೆ.

ಇದು ನಾಲ್ಕು ದಿನದ ಕಾಟವೂ ಅಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನದಲ್ಲಿ, ಪದೇ ಪದೇ ಬಿಸಿಯುಬ್ಬರ ಕಾಣುವವರಲ್ಲಿ ಅದರ ಮಧ್ಯಮ ಅವಧಿ 7.4 ವರ್ಷ ಎಂದು ಕಂಡುಬಂತು.

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧ ಆಯಿತೆಂದು ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51ರ ಆಸುಪಾಸು. ಇಂಡಿಯನ್ ಮೆನೊಪಾಸ್ ಸೊಸೈಟಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 46.2. ಐದು ವರ್ಷ ಮೊದಲೇ! ಮಗಳ ಹತ್ತನೇ ಕ್ಲಾಸಿನ ಪರೀಕ್ಷೆ, ಅತ್ತೆಯ ಮಂಡಿನೋವು, ಆಫೀಸಿನ ಬಡ್ತಿ, ಇವೆಲ್ಲದರ ನಡುವೆ ಇದೂ ಬಂದು ಕೂರುತ್ತದೆ. ಹಳೆಯ ಕಾಲದ ಹೆಂಗಸರು ‘ಮುಟ್ಟು ನಿಂತಿತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು, ಕೆಲವರು ನಿರಾಳವಾಗಿಯೇ. ಮುಟ್ಟಿನ ಕಟ್ಟಳೆಗಳೂ ಜತೆಗೇ ಮುಗಿಯುತ್ತಿದ್ದವಲ್ಲ.

‘ಸಹಜವಾಗಿ ನಿಭಾಯಿಸುವುದು’ ಎಂಬ ಮಾತಿಗೆ ಹೋಗುವ ಮುನ್ನ ಅಸಹಜವಾದ ಒಂದು ಋತುಬಂಧದ ಬಗ್ಗೆ ಹೇಳಲೇಬೇಕು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ 82,000ಕ್ಕೂ ಹೆಚ್ಚು ಮಹಿಳೆಯರನ್ನು 2019ರಲ್ಲಿ ಸರಕಾರಿ ಸಮಿತಿ ಸಮೀಕ್ಷಿಸಿದಾಗ, 13,000ಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಕಲಬುರಗಿಯ ಲಂಬಾಣಿ ತಾಂಡಾಗಳ ಹೆಂಗಸರೂ ಇಂಥದೇ ದೂರು ಹೊತ್ತು ಬೀದಿಗಿಳಿದಿದ್ದರು. ದೇಶದ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಭಾರತದಲ್ಲಿ 15ರಿಂದ 49ರ ವಯಸ್ಸಿನ ನೂರು ಮಹಿಳೆಯರಲ್ಲಿ ಮೂವರಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ಗರ್ಭಕೋಶದ ಜತೆ ಅಂಡಾಶಯಗಳನ್ನೂ ತೆಗೆದರೆ, ವರ್ಷಗಟ್ಟಲೆ ಮೆಲ್ಲಗೆ ಇಳಿಯಬೇಕಾದ ಈಸ್ಟ್ರೊಜೆನ್ ದಿನಗಳಲ್ಲೇ ಪಾತಾಳಕ್ಕೆ ಬೀಳುತ್ತದೆ. ಅಂಥ ಮೂವತ್ತೈದರ ಹೆಣ್ಣುಮಗಳಿಗೆ ‘ಯೋಗ ಮಾಡಮ್ಮಾ, ಸರಿಹೋಗುತ್ತದೆ’ ಎನ್ನುವುದು ಅನ್ಯಾಯ. ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ತಾನಾಗಿ ನಿಲ್ಲಬೇಕಿದ್ದ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದೇ ಇಂದಿನ ವೈದ್ಯಕೀಯ ಸಲಹೆ.

ಉಳಿದವರಿಗೆ ಯೋಗ? ಇಲ್ಲಿ ಕತೆ ಸ್ವಾರಸ್ಯವಾಗಿದೆ, ಕನ್ನಡ ನಾಡಿಗೂ ಸೇರಿದೆ.

ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಸಂಸ್ಥೆಯ ಡಾ. ಆರ್. ನಾಗರತ್ನಾ ಅವರ ತಂಡ ನಗರದ 14 ಕೇಂದ್ರಗಳಲ್ಲಿ, 40ರಿಂದ 55 ವಯಸ್ಸಿನ 120 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಸಿತು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸೂರ್ಯನಮಸ್ಕಾರ, ಪ್ರಾಣಾಯಾಮ, ಧ್ಯಾನ. ಇನ್ನೊಂದಕ್ಕೆ ಸಾದಾ ವ್ಯಾಯಾಮ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ, ಎಂಟು ವಾರ. ಕೊನೆಯಲ್ಲಿ ಯೋಗದ ಗುಂಪಿನಲ್ಲಿ ಬಿಸಿಯುಬ್ಬರ, ರಾತ್ರಿ ಬೆವರು, ಮನಸ್ಸಿನ ಒತ್ತಡ ಮೂರೂ ಇನ್ನೊಂದು ಗುಂಪಿಗಿಂತ ಹೆಚ್ಚು ತಗ್ಗಿದ್ದವು. 2008ರಲ್ಲಿ ಇದು ಪ್ರಕಟವಾಯಿತು.

ಆರು ವರ್ಷಗಳ ನಂತರ ಅಮೆರಿಕದ ‘ಎಂಎಸ್-ಫ್ಲಾಶ್’ ತಂಡ 355 ಮಹಿಳೆಯರನ್ನು ಸೇರಿಸಿ ಇದೇ ಪ್ರಶ್ನೆ ಕೇಳಿತು. ಒಂದು ಗುಂಪು ಯೋಗ ಮಾಡಿತು, ಒಂದು ವ್ಯಾಯಾಮ ಮಾಡಿತು, ಒಂದು ಏನೂ ಹೊಸದು ಮಾಡದೆ ಎಂದಿನಂತಿತ್ತು. ಹನ್ನೆರಡು ವಾರ ಕಳೆದಾಗ ಮೂರೂ ಗುಂಪಿನಲ್ಲಿ ಬಿಸಿಯುಬ್ಬರ ಇಳಿದಿತ್ತು! ಸುಮ್ಮನಿದ್ದವರಿಗಿಂತ ಯೋಗದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನಿದ್ದೆ ಮಾತ್ರ ಸುಧಾರಿಸಿತ್ತು.

ಯಾರನ್ನು ನಂಬುವುದು? ಬೆಂಗಳೂರಿನವರು ವಾರಕ್ಕೆ ಐದು ದಿನ ಗುರುಗಳ ಎದುರೇ ಮಾಡಿದರು. ಅಮೆರಿಕದವರಿಗೆ ವಾರಕ್ಕೊಂದು ತರಗತಿ, ಉಳಿದದ್ದು ಮನೆಪಾಠ. ಒಬ್ಬರು ಪ್ರಶ್ನಾವಳಿಯಲ್ಲಿ ಅಳೆದರು, ಇನ್ನೊಬ್ಬರು ದಿನಚರಿಯಲ್ಲಿ ಎಣಿಸಿದರು. ಬಿಸಿಯುಬ್ಬರದ ಪ್ರಯೋಗಗಳಲ್ಲಿ ಔಷಧವೇ ಇಲ್ಲದ ಸಕ್ಕರೆ ಗುಳಿಗೆಯೂ ಗಣನೀಯವಾಗಿ ಕೆಲಸ ಮಾಡುತ್ತದೆ ಎಂಬ ಕಿರಿಕಿರಿ ಬೇರೆ ಇದೆ. ಉತ್ತರ ಅಮೆರಿಕದ ಮೆನೊಪಾಸ್ ಸೊಸೈಟಿ 2023ರಲ್ಲಿ ಎಲ್ಲ ಪುರಾವೆಗಳನ್ನು ತೂಗಿ ನೋಡಿ, ಬಿಸಿಯುಬ್ಬರದ ಚಿಕಿತ್ಸೆಯಾಗಿ ಯೋಗ, ವ್ಯಾಯಾಮ, ಸೋಯಾ, ಗಿಡಮೂಲಿಕೆ, ಅಕ್ಯುಪಂಕ್ಚರ್ ಯಾವುದನ್ನೂ ಶಿಫಾರಸು ಮಾಡಲಿಲ್ಲ. ಇವುಗಳಿಂದ ಬೇರೆ ಲಾಭವಿಲ್ಲ ಎಂದು ಅದರ ಅರ್ಥವಲ್ಲ. ನಿದ್ದೆಗೆ, ಮನಸ್ಸಿಗೆ, ಸಕ್ಕರೆ ಕಾಯಿಲೆ ದೂರವಿಡುವುದಕ್ಕೆ ಯೋಗವೂ ನಡಿಗೆಯೂ ಬೇಕೇ ಬೇಕು. ಬೆವರು ನಿಲ್ಲಲಿಲ್ಲವೆಂದು ಚಾಪೆ ಸುತ್ತಿಡುವುದೂ ತಪ್ಪು, ಬೆವರು ನಿಲ್ಲಲೇಬೇಕೆಂದು ಹಟ ಹಿಡಿಯುವುದೂ ತಪ್ಪು.

ಅದೇ ಸೊಸೈಟಿ ಒಪ್ಪಿದ ಔಷಧವಿಲ್ಲದ ದಾರಿಗಳು ಬಹಳ ಕಡಿಮೆ. ಹೆಚ್ಚಿರುವ ತೂಕ ಇಳಿಸುವುದು ಒಂದು. ವೈದ್ಯಕೀಯ ಸಂಮೋಹನ ಇನ್ನೊಂದು. ಮೂರನೆಯದು ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮೈರಾ ಹಂಟರ್ ಇದನ್ನು ಋತುಬಂಧಕ್ಕೆ ಒಗ್ಗಿಸಿದವರು. ಕಾವೇರಿದಾಗ ‘ಅಯ್ಯೋ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಇನ್ನು ರಾತ್ರಿಯಿಡೀ ನಿದ್ದೆ ಬರುವುದಿಲ್ಲ’ ಎಂದು ಓಡುವ ಮನಸ್ಸನ್ನು ಹಿಡಿದು ನಿಲ್ಲಿಸಲು ಇದು ಕಲಿಸುತ್ತದೆ. ಕಾಟ ಕಡಿಮೆಯಾಗಲು ಬಿಸಿಯುಬ್ಬರಗಳ ಎಣಿಕೆಯೇ ಇಳಿಯಬೇಕೆಂದಿಲ್ಲ.

ಹಾಗಾದರೆ ಅಂಗಡಿಯ ಕಪಾಟಿನಲ್ಲಿ ‘ನ್ಯಾಚುರಲ್’ ಎಂಬ ಹಸಿರು ಚೀಟಿ ಅಂಟಿಸಿಕೊಂಡು ಕೂತ ಡಬ್ಬಿಗಳು? ಶತಾವರಿಗೆ ಕನ್ನಡದಲ್ಲಿ ‘ಹಲವು ಮಕ್ಕಳ ತಾಯಿಬೇರು’ ಎಂಬ ಸೊಗಸಾದ ಹೆಸರಿದೆ. ಹೆಸರಿನಷ್ಟು ಗಟ್ಟಿಯಾದ ಪುರಾವೆ ಋತುಬಂಧದ ಮಟ್ಟಿಗೆ ಇನ್ನೂ ಒದಗಿಲ್ಲ. ಅಶ್ವಗಂಧ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳು ಹಲವು ದೇಶಗಳಿಂದ ಬಂದಿವೆ, ಥೈರಾಯ್ಡ್ ಗುಳಿಗೆ ನುಂಗುವವರು ಇದರ ಬಗ್ಗೆ ಇನ್ನಷ್ಟು ಹುಷಾರಾಗಿರಬೇಕು. ಅಂದ ಹಾಗೆ, ಥೈರಾಯ್ಡ್ ಏರುಪೇರಾದರೂ ಬೆವರು, ಎದೆ ಡವಗುಟ್ಟುವುದು, ಮುಟ್ಟು ತಪ್ಪುವುದು ಎಲ್ಲ ಹೀಗೇ ಇರುತ್ತದೆ. ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಜೀವನಶೈಲಿಯ ನಿಜವಾದ ಆಟ ಇರುವುದು ಸದ್ದಿಲ್ಲದ ಕಡೆ, ಮೂಳೆಯಲ್ಲಿ. ಬಿಸಿಯುಬ್ಬರ ಕೂಗಿ ಹೇಳುತ್ತದೆ. ಮೂಳೆ ಮುರಿದ ಮೇಲೆಯೇ ಮಾತಾಡುತ್ತದೆ. ಮುಟ್ಟು ನಿಲ್ಲುವುದರ ಹಿಂದು ಮುಂದಿನ ಹತ್ತು ವರ್ಷಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 10ರಷ್ಟು ಸವೆಯುತ್ತದೆ ಎಂದು ‘ಸ್ವಾನ್’ ಅಳೆದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಋತುಬಂಧದ ನಂತರ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಆಂಟಾಪ್ ಹಿಲ್‌ನ ಕಿರಾಣಿ ಅಂಗಡಿಯವನಿಗೆ ‘ರಾಗಿ’ ತಿಳಿಯದಿದ್ದರೆ ‘ನಾಚಣಿ’ ಎಂದರಾಯಿತು, ತೂಗಿ ಕೊಡುತ್ತಾನೆ. ಒಂದು ದೊಡ್ಡ ಚಮಚ ಎಳ್ಳಿನಲ್ಲಿ ಸುಮಾರು ನೂರು ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸಜ್ಜೆ ರೊಟ್ಟಿಯ ಮೇಲೆ ಎಳ್ಳು ತಟ್ಟುವ ಉತ್ತರ ಕರ್ನಾಟಕದವರು ಇದನ್ನು ಲೆಕ್ಕವಿಲ್ಲದೆಯೇ ಮಾಡುತ್ತಾ ಬಂದಿದ್ದಾರೆ. ಕರಾವಳಿಯವರಿಗೆ ಮುಳ್ಳಿನ ಸಮೇತ ಅಗಿಯುವ ಸಣ್ಣ ಮೀನಿದೆ. ಪಾಲಕ್ ಮಾತ್ರ ಕೈಕೊಡುತ್ತದೆ: ಅದರ ಕ್ಯಾಲ್ಸಿಯಮ್ಮನ್ನು ಆಕ್ಸಲೇಟ್ ಕಟ್ಟಿಹಾಕಿರುತ್ತದೆ, ಮೈಗೆ ಸೇರುವುದು ಅತ್ಯಲ್ಪ.

ತಿಂದದ್ದು ಮೂಳೆಗೆ ಹೋಗಬೇಕಾದರೆ ಮೂಳೆಯ ಮೇಲೆ ಭಾರ ಬೀಳಬೇಕು. ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಹರಟುತ್ತಾ ಹಾಕುವ ನಾಲ್ಕು ಸುತ್ತು ಹೃದಯಕ್ಕೂ ಸ್ನೇಹಕ್ಕೂ ಒಳ್ಳೆಯದು. ಮೂಳೆಗೆ ಅಷ್ಟು ಸಾಲದು. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ‘ಲಿಫ್ಟ್‌ಮೋರ್’ ಪ್ರಯೋಗದಲ್ಲಿ, ಮೂಳೆ ತೆಳುವಾಗಿದ್ದ 101 ಮಹಿಳೆಯರಲ್ಲಿ ಒಂದು ಗುಂಪಿಗೆ ವಾರಕ್ಕೆರಡು ದಿನ, ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರು ನಿಜವಾದ ಭಾರ ಎತ್ತಿಸಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆ ಸವೆಯುವ ಬದಲು ಗಟ್ಟಿಯಾಯಿತು. ಈ ವಯಸ್ಸಿನಲ್ಲಿ ಭಾರ ಎತ್ತಬಾರದೆಂಬ ನಮ್ಮ ಮನೆಗಳ ಬುದ್ಧಿಮಾತು ಇಲ್ಲಿ ತಲೆಕೆಳಗಾಗಿದೆ. ಹಾಗೆಂದು ಒಬ್ಬರೇ ನಲ್ಲಿನೀರಿನ ಬಿಂದಿಗೆ ಎತ್ತಿ ಬೆನ್ನು ಹಿಡಿಸಿಕೊಳ್ಳಬಾರದು. ಕಲಿತು, ಮೆಲ್ಲಗೆ ಏರಿಸಬೇಕು. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರು ಮಹಡಿ ಹತ್ತುವುದು ಅದರ ಮೊದಲ ಪಾಠವಾದೀತು.

ಇಷ್ಟೆಲ್ಲ ಮಾಡಿಯೂ ರಾತ್ರಿಗೆ ಐದು ಸಲ ಹೊದಿಕೆ ಒದೆಯುವವರು ಔಷಧಿ ಕೇಳಲು ನಾಚಬೇಕಿಲ್ಲ. 2002ರ ಜುಲೈಯಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ 16,608 ಮಹಿಳೆಯರ ಹಾರ್ಮೋನ್ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದಾಗ ಜಗತ್ತು ಬೆದರಿತು. ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ ಎಂಟು ಸ್ತನ ಕ್ಯಾನ್ಸರ್ ಹೆಚ್ಚು ಎಂಬುದು ಅಲ್ಲಿ ಕಂಡ ಲೆಕ್ಕ. ಆದರೆ ಅದರಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63. ಅರುವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷವಾಗದ, ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲದ ಮಹಿಳೆಗೆ ಹಾರ್ಮೋನಿನಿಂದ ಲಾಭವೇ ಹೆಚ್ಚೆಂಬುದು ಈಗಿನ ತಜ್ಞರ ಒಮ್ಮತ. ಆ ಊದಿಕೊಂಡ ನರಕೋಶಗಳನ್ನೇ ಗುರಿಯಿಟ್ಟ ಹಾರ್ಮೋನ್ ಅಲ್ಲದ ಗುಳಿಗೆ, ಫೆಜೊಲಿನೆಟಂಟ್, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇನ್ನು, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಮನೆಮದ್ದಿನ ಮಾತೇ ಇಲ್ಲ, ಸೀದಾ ಸ್ತ್ರೀರೋಗ ತಜ್ಞರ ಬಳಿಗೆ ಹೋಗಬೇಕು.

ಯಾರೂ ಬಾಯಿ ಬಿಡದ ತೊಂದರೆ ಒಂದಿದೆ: ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಹನಿ ಮೂತ್ರ ಜಾರುವುದು. ಮದುವೆ ಮನೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಖರ್ಚಿಲ್ಲದ ಸಹಜ ಉಪಾಯ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗಿರುವುದು ಇಲ್ಲಿಯೇ. ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೇಗಲ್ 1948ರಲ್ಲಿ ಈ ವ್ಯಾಯಾಮವನ್ನು ಬರೆದಿಟ್ಟರು. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಹಿಡಿಯುವಂತೆ ಕೆಳಗಿನ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು, ಐದು ಎಣಿಸಿ, ಸಡಿಲಬಿಟ್ಟು, ಮತ್ತೆ ಐದು ಎಣಿಸುವುದು. ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು. ನಿಂತೂ ಮಾಡಬಹುದು, ಹೊರಗಿನವರಿಗೆ ಏನೂ ಕಾಣುವುದಿಲ್ಲ. ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಜಿಟಿಬಿ ನಗರದಲ್ಲಿ ಲೋಕಲ್ ಹತ್ತಿ, ಮೇಲಿನ ಹಿಡಿಕೆಗೆ ಕೈಕೊಟ್ಟು ಶುರುಮಾಡಿದರೆ, ವಡಾಲಾ ರೋಡ್ ಬರುವಷ್ಟರಲ್ಲಿ ಮೊದಲ ಹತ್ತು ಮುಗಿದಿರುತ್ತದೆ.